ಪಕ್ಕದ ಸೀಟಿನ ಮಳೆಗಾಲ

ಹೋದ ವಾರ ಹೆಬ್ಬಾಳದ ಮೇಲ್ಸೇತುವೆ ಹತ್ತುವ ಕಡೆ, ಸಂಜೆಯ ಮಳೆಯಲ್ಲಿ, ನಾನಿದ್ದ ಬಸ್ಸು ನಿಂತುಬಿಟ್ಟಿತು. ಮುಂದೆ ಒಂದು ನೀರಿನ ಟ್ಯಾಂಕರ್. ಅದು ಏರಿನಲ್ಲಿ ಒಂದಿಷ್ಟು ಮುಂದೆ ಹೋಗುತ್ತಿತ್ತು, ಒಂದಿಷ್ಟು ಹಿಂದಕ್ಕೆ ಜಾರುತ್ತಿತ್ತು. ಸ್ವಲ್ಪ ಹೊತ್ತಿಗೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದರು. ನನ್ನ ಬಲಗಾಲು ಬಸ್ಸಿನ ನೆಲವನ್ನು ಒತ್ತಿ ಹಿಡಿದಿತ್ತು. ಅಲ್ಲಿ ಬ್ರೇಕ್ ಇಲ್ಲವೆಂದು ಗೊತ್ತಿದ್ದೂ ಮಂಡಿ ನೋಯುವಷ್ಟು ಒತ್ತಿತ್ತು. ಈ ಅಭ್ಯಾಸ ನನಗೆ ಅಂಟಿದ್ದು ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ, ಅಕ್ಕನ ಜೀಪಿನೊಳಗೆ.

ನಮ್ಮದು ಯಲಹಂಕದ ಪುಟ್ಟೇನಹಳ್ಳಿ. ತಾತನ ರಾಗಿ ಹೊಲ ಇದ್ದ ಜಾಗದಲ್ಲಿ ಅಪ್ಪ ಮೂರು ಅಂತಸ್ತು ಕಟ್ಟಿಸಿದ್ದಾರೆ. ಮೇಲೆ ಬಾಡಿಗೆಯವರು, ಕೆಳಗೆ ನಾವು. ಅಪ್ಪ ಕಟ್ಟಡದ ಕಂಟ್ರಾಕ್ಟರ್. ಅಕ್ಕ ಕಾವ್ಯ ಸಹಕಾರನಗರದಲ್ಲಿ ಹಲ್ಲಿನ ಕ್ಲಿನಿಕ್ ನಡೆಸುತ್ತಾಳೆ. ವಾರವಿಡೀ ಜನರ ಬಾಯೊಳಗೆ ಕೂದಲೆಳೆಯಷ್ಟು ಅಳತೆಯಲ್ಲಿ ಕೈಯಾಡಿಸುವ ಅವಳು, ಭಾನುವಾರ ಬಂತೆಂದರೆ ಜೀಪು ತೆಗೆದುಕೊಂಡು ಕೆಸರು, ಬಂಡೆ, ಹಳ್ಳ ಹುಡುಕಿಕೊಂಡು ಹೋಗುತ್ತಿದ್ದಳು. ನಾನು ಆಗ ಆಡಿಟರ್ ಒಬ್ಬರ ಆಫೀಸಿನಲ್ಲಿ ತರಬೇತಿಗೆ ಸೇರಿದ್ದೆ. ಹೈಸ್ಕೂಲಿನಿಂದಲೂ ದಿನಚರಿ ಬರೆಯುವವನು ನಾನು. ಜೀಪು ಮನೆಗೆ ಬಂದ ದಿನವೇ ಅಕ್ಕ ನನ್ನನ್ನು ಅದರ ಗುಮಾಸ್ತನನ್ನಾಗಿ ಮಾಡಿದಳು. ಹೇಗೂ ಬರೆಯುವ ಚಟ ಇದೆ, ಡೀಸೆಲ್ಲು, ಕಿಲೋಮೀಟರ್ರು, ಟೈರಿನ ಗಾಳಿ ಎಲ್ಲ ಬರೆದಿಡು ಅಂದಳು.

ಬರೆಯುವುದಕ್ಕೆ ಮನೆಯಲ್ಲೇ ಕೂರಬಹುದಿತ್ತು. ಆದರೆ ಅವಳನ್ನು ಒಬ್ಬಳನ್ನೇ ಕಳಿಸಲು ಅಮ್ಮ ಒಪ್ಪುತ್ತಿರಲಿಲ್ಲ. ಇನ್ನೊಂದು ಕಾರಣ ನನ್ನದೇ. ಮನೆಯಲ್ಲಿ ಕೂತರೆ ಅವಳ ಗಾಡಿ ಪ್ರತಿ ಗಂಟೆಗೂ ನನ್ನ ತಲೆಯೊಳಗೆ ಒಂದು ಸಲ ಉರುಳುತ್ತಿತ್ತು. ಪಕ್ಕದಲ್ಲೇ ಕೂತರೆ ಉರುಳಿದಾಗ ಮಾತ್ರ ಉರುಳುತ್ತದಲ್ಲ ಅಂದುಕೊಂಡು ಹೋಗುತ್ತಿದ್ದೆ. ಪ್ರತಿ ಸವಾರಿಯ ದಿನ ತಾರೀಖಿನ ಕೆಳಗೆ, ನಿಜವಾಗಿ ಹೆದರಿದ ಪ್ರತಿ ಸಲಕ್ಕೂ ಒಂದೊಂದು ಗೀಟು ಎಳೆಯುತ್ತಿದ್ದೆ. ಕೆಸರಿಗೆ ಒಂದು ಅಥವಾ ಎರಡು ಗೀಟು. ಬಂಡೆಗೆ ಹೆಚ್ಚು.

ಆ ಜೂನ್ ತಿಂಗಳ ಮೊದಲ ದೊಡ್ಡ ಮಳೆಯ ಮರುದಿನ ರಾಜಾನುಕುಂಟೆ ದಾಟಿ, ಕೆಲಸ ನಿಲ್ಲಿಸಿದ್ದ ಒಂದು ಕಲ್ಲು ಕ್ವಾರಿಗೆ ಹೋದೆವು. ಹತ್ತು ಹನ್ನೆರಡು ಗಾಡಿಗಳ ಬಳಗ. ಅಲ್ಲೊಂದು ಏರಿತ್ತು. ಬಳಗದವರು ಅದನ್ನು ‘ಗೋಡೆ’ ಅನ್ನುತ್ತಿದ್ದರು. ಮೂರು ಮನೆಯೆತ್ತರ, ಕೆಂಪು ಮಣ್ಣು, ಜಲ್ಲಿ, ನಡುವೆ ಮಳೆನೀರು ಕೊರೆದ ಕಾಲುವೆ. ತುದಿಯಲ್ಲಿ ಎರಡು ಗಾಡಿ ನಿಲ್ಲುವಷ್ಟು ಸಮತಟ್ಟು. ಅದರಾಚೆ ಕಲ್ಲು ತೆಗೆದ ಹೊಂಡ, ಅದರ ತುಂಬ ಹಸಿರು ನೀರು.

ಏರು ಹತ್ತುವಾಗ ಓಡಿಸುವವರಿಗೆ ಬಾನೆಟ್ಟು ಮತ್ತು ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದಕ್ಕೇ ಒಬ್ಬರು ಮೇಲೆ ನಿಂತು ಕೂಗಿ ದಾರಿ ಹೇಳಬೇಕು. ನಮಗೆ ಆ ಕೆಲಸ ಮಾಡುತ್ತಿದ್ದವನು ಸಾದಿಕ್. ಅಕ್ಕನ ಜೊತೆ ಓದಿದವನು, ಮನೆ ಆರ್.ಟಿ. ನಗರ, ಯಶವಂತಪುರದಲ್ಲಿ ಟೈರಿನ ಅಂಗಡಿ. ತನ್ನ ಮನೆಯ ಅಷ್ಟೂ ಜನರ ಹಲ್ಲು ಕಾವ್ಯಳ ಕೈಯಲ್ಲಿರುವುದರಿಂದ ಅವಳ ಜೊತೆ ಜಗಳ ಆಡುವ ಹಾಗೇ ಇಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದ.

ಅವತ್ತು ಸಾದಿಕ್ ಮೇಲಿಂದ ‘ಬಿಡು, ಬಿಡು, ಇನ್ನೂ ಬಿಡು’ ಎಂದು ಕೂಗುತ್ತಿದ್ದ. ಅಕ್ಕ ಆಕ್ಸಿಲರೇಟರನ್ನು ನೆಲಕ್ಕೆ ತಾಗುವವರೆಗೆ ಒತ್ತಿದ್ದಳು. ಕಾಲುವೆ ದಾಟಿದ ಮೇಲೆ ಎಂಜಿನ್ ಗೊಗ್ಗರು ದನಿಯಲ್ಲಿ ನರಳಿತು, ನಡುಗಿತು, ನಿಂತಿತು. ಗಾಡಿ ಹಿಂದಕ್ಕೆ ಜಾರತೊಡಗಿತು. ನಾನು ಕಣ್ಣು ಮುಚ್ಚಿದೆ. ಅಕ್ಕ ರಿವರ್ಸ್ ಗೇರಿಗೆ ಹಾಕಿ, ಗೇರಿನಲ್ಲೇ ಸ್ಟಾರ್ಟ್ ಮಾಡಿ, ಬ್ರೇಕ್ ಮುಟ್ಟದೆ ನಿಧಾನವಾಗಿ ಕೆಳಗಿಳಿಸಿದಳು. ಹಾಗೆ ಮೂರು ಸಲ. ಕೊನೆಗೆ ದೊಡ್ಡ ಗಾಡಿಯವನೊಬ್ಬ ಹಗ್ಗ ಕಟ್ಟಿ ಮೇಲಕ್ಕೆಳೆದ. ಎಳೆದು ಮುಗಿಸಿ, ಡಾಕ್ಟ್ರ ಗಾಡಿ ಕ್ಲಿನಿಕ್ಕಿಗೆ ಹೋಗಿ ಬರಲು ಹೇಳಿ ಮಾಡಿಸಿದ ಹಾಗಿದೆ ಅಂದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

ವಾಪಸು ಬರುವಾಗ ಅವಳು ನಗುತ್ತಿರಲಿಲ್ಲ. ನಾನು ಧೈರ್ಯ ಮಾಡಿ, ಇಷ್ಟು ಹೆದರಿಕೆಯಾಗುವ ಕಡೆ ಯಾಕೆ ಹೋಗಬೇಕು ಅಂದೆ. ಅವಳು ತಿರುಗಿ ನೋಡಿದಳು.

“ಏರು ನೋಡಿ ನಂಗೆ ಭಯ ಆಗಲ್ಲ ಕಣೋ. ಒತ್ತಿದಾಗ ಏನೂ ಬರಲ್ವಲ್ಲ, ಅದು ಭಯ. ಅರ್ಧದಲ್ಲಿ ಕೈ ಕೊಡತ್ತೆ.”

ಅಲ್ಲಿಯವರೆಗೆ ನನಗೆ ಈ ಮಾತು ಹೊಳೆದೇ ಇರಲಿಲ್ಲ. ನನ್ನದು ಗಾಡಿ ಹೋಗಿಬಿಡುತ್ತದೆ ಎನ್ನುವ ಭಯ. ಅವಳದು ಹೋಗುವುದಿಲ್ಲ ಎನ್ನುವ ಭಯ.

ಮುಂದಿನ ಶನಿವಾರ ಗಾಡಿ ಕೊಂಡ ಶೋರೂಮಿಗೇ ಹೋದೆವು. ಈ ಮಾಡೆಲ್‌ನಲ್ಲಿ ದೊಡ್ಡ ಎಂಜಿನ್ ಹಾಕಿದ ಗಾಡಿ ಬರುತ್ತದೆಯೇ, ಇದನ್ನು ಕೊಟ್ಟು ಅದನ್ನು ತೆಗೆದುಕೊಳ್ಳುತ್ತೇನೆ ಎಂದು ಅಕ್ಕ ಕೇಳಿದಳು. ಅದೇ ಕಂಪನಿ ಊರೊಳಗೆ ಓಡಾಡುವ ದೊಡ್ಡ ಕಾರಿಗೆ ಎರಡು ಲೀಟರಿಗಿಂತ ದೊಡ್ಡ ಡೀಸೆಲ್ ಎಂಜಿನ್ ಹಾಕುತ್ತಿತ್ತು. ಬೆಟ್ಟ ಹತ್ತಲಿಕ್ಕೆಂದೇ ಮಾಡಿದ, ನಾಲ್ಕೂ ಚಕ್ರಕ್ಕೆ ಎಳೆತ ಹೋಗುವ ಈ ಜೀಪಿಗೆ ಮಾತ್ರ ಒಂದೂವರೆ ಲೀಟರಿನದ್ದು, ಅದೊಂದೇ. ಮಾರಾಟದ ಹುಡುಗ ಬಹಳ ವಿನಯವಾಗಿ ಮಾತಾಡಿದ.

“ಎಂಜಿನ್ ಒಂದೇ ಮೇಡಂ. ಕಲರ್ ಆರು ಇದೆ.”

ಅಕ್ಕ ಕಂಪನಿಗೂ ಬರೆದಳು. ನಿಮ್ಮ ಆಸಕ್ತಿಗೆ ಧನ್ಯವಾದ ಎಂದು ಉತ್ತರ ಬಂತು. ಅದೇ ವಾರ ಗೊರಗುಂಟೆಪಾಳ್ಯದ ಗ್ಯಾರೇಜಿನ ಮುರುಗನ ಹೆಸರು ಅಕ್ಕನ ಬಾಯಲ್ಲಿ ಮೊದಲ ಸಲ ಕೇಳಿಬಂತು.

ಮುರುಗ ಒಳ್ಳೆಯ ಮನುಷ್ಯ. ನಗುನಗುತ್ತಾ ಮಾತಾಡುತ್ತಿದ್ದ. ಹೈವೇಯಲ್ಲಿ ಅಪಘಾತವಾಗಿ ಗುಜರಿಗೆ ಬಂದ ಅದೇ ಕಂಪನಿಯ ದೊಡ್ಡ ಕಾರೊಂದರಿಂದ ಎಂಜಿನ್ ಇಳಿಸಿಟ್ಟಿದ್ದ. ಕಂಪನಿಯವರು ಕೊಡದಿದ್ದರೆ ಏನಾಯಿತು, ನಾವು ಕೊಡ್ತೀವಿ ಅಂದ. ಹಳೆಯ ಎಂಜಿನ್ ಬಿಚ್ಚಿ ಟಾರ್ಪಾಲು ಹೊದಿಸಿ ಮೂಲೆಗಿಟ್ಟರು. ಹೊಸದು ಚೈನಿನಲ್ಲಿ ತೂಗಾಡುತ್ತಾ ಜೀಪಿನ ಬಾಯೊಳಗೆ ಇಳಿಯುವುದನ್ನು ನಾನು ನಿಂತು ನೋಡಿದೆ. ಹೊರಗೆ ಜಡಿಮಳೆ. ಅದು ಒಳಗೆ ಕೂತಾಗ ಜೀಪಿನ ಮೂತಿ ನಾಲ್ಕು ಬೆರಳು ಕೆಳಗಿಳಿಯಿತು.

ಆರ್.ಸಿ. ಬುಕ್ಕಿನಲ್ಲಿ ಎಂಜಿನ್ ನಂಬರ್ ಬೇರೆ ಇರುತ್ತದಲ್ಲ ಎಂದು ಕೇಳಿದೆ. ಆಮೇಲೆ ಮಾಡಿಸೋಣ ಅಂದ ಮುರುಗ. ಬ್ರೇಕು ಎಂದೆ.

“ಬ್ರೇಕ್ ಅದೇ ಸಾಕು ತಮ್ಮಾ. ಓಡ್ಸೋದು ಎಂಜಿನ್ನು, ನಿಲ್ಸೋದು ಡ್ರೈವರ್ರು.”

ಅಕ್ಕ ನಕ್ಕುಬಿಟ್ಟಳು. ಅಪ್ಪನಿಗೆ ಹೇಳುವುದು ಬೇಡ ಎಂದು ದಾರಿಯಲ್ಲಿ ಮಾತಾಯಿತು. ಗಾಡಿ ಸರ್ವೀಸಿಗೆ ಹೋಗಿದೆ ಎಂದು ಮನೆಯಲ್ಲಿ ಹೇಳಿದೆವು.

ಜುಲೈ ಕೊನೆಗೆ ಗಾಡಿ ಕೈಗೆ ಬಂತು. ಏರ್‌ಪೋರ್ಟ್ ರಸ್ತೆಯಲ್ಲಿ ಅಕ್ಕ ಒಮ್ಮೆ ಒತ್ತಿ ನೋಡಿದಳು. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಅವಳ ಮುಖದಲ್ಲಿ ಒಂದು ಬೆಳಕು ಬಂತು; ಅದನ್ನು ನಾನು ಇಲ್ಲವೆನ್ನಲಾರೆ. ಕೋಗಿಲು ಕ್ರಾಸ್ ಹತ್ತಿರ ಮುಂದಿದ್ದ ಲಾರಿ ತಟ್ಟನೆ ನಿಂತಿತು. ಅಕ್ಕ ಬ್ರೇಕ್ ಒತ್ತಿದಳು. ಮೂತಿ ನೆಲಕ್ಕೆ ಬಾಗಿತು, ಹಿಂಭಾಗ ಎದ್ದಿತು, ಚಕ್ರಗಳು ಕಿರುಚಿದವು. ಗಾಡಿ ನಿಂತಾಗ ಲಾರಿಯ ಹಿಂದೆ ಬರೆದ ಅಕ್ಷರಗಳು ಓದಲಾಗದಷ್ಟು ಹತ್ತಿರ ಇದ್ದವು. ಅಲ್ಲಿಂದ ಮನೆಯವರೆಗೆ ಅಕ್ಕ ನಲವತ್ತರ ಮೇಲೆ ಹೋಗಲಿಲ್ಲ. ಮನೆ ಮುಂದೆ ಇಳಿಯುವಾಗ, ಒಂದೆರಡು ವಾರ ಓಡಿಸಿದರೆ ಕಾಲಿಗೆ ಅಭ್ಯಾಸವಾಗುತ್ತದೆ ಅಂದಳು. ನನಗೆ ಹೇಳಿದಳೋ ತನಗೆ ಹೇಳಿಕೊಂಡಳೋ ತಿಳಿಯಲಿಲ್ಲ.

ಆಗಸ್ಟ್ ಪೂರ್ತಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಕ್ವಾರಿಯ ಕಡೆ ಮಳೆ ಎಷ್ಟಾಗಿದೆ ಎಂದು ಫೋನಿನಲ್ಲಿ ನೋಡುತ್ತಿದ್ದೆ. ಮಳೆ ನಿಂತರೆ ಅಲ್ಲಿಗೆ ಹೋಗುತ್ತಾರೆ, ಮಳೆ ಬಂದರೆ ಮಣ್ಣು ಜಾರುತ್ತದೆ. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕು ಎಂಬುದೇ ಗೊತ್ತಾಗುತ್ತಿರಲಿಲ್ಲ. ಆಫೀಸಿನಲ್ಲಿ ಒಂದೇ ಕಾಲಮ್ಮನ್ನು ಎರಡು ಸಲ ಕೂಡಿಸಿ ಬೈಸಿಕೊಂಡೆ.

ಸೆಪ್ಟೆಂಬರಿನ ಒಂದು ಭಾನುವಾರ, ಸಣ್ಣ ಮಳೆಯಲ್ಲಿ, ಮತ್ತೆ ಗೋಡೆಯ ಕೆಳಗೆ ನಿಂತೆವು. ಇಳಿದುಬಿಡು, ಈ ಸಲ ನಾನೊಬ್ಬಳೇ ಹತ್ತುತ್ತೇನೆ ಎಂದು ಅಕ್ಕ ಹೇಳಿದಳು. ಇಳಿಯಬಹುದಿತ್ತು. ಆದರೆ ಕೆಳಗೆ ನಿಂತು ನೋಡುವುದು ಅದಕ್ಕಿಂತ ಕಷ್ಟ ಅನ್ನಿಸಿತು. ಬೆಲ್ಟ್ ಎಳೆದು ನೋಡಿಕೊಂಡೆ. ತಲೆಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದೆ.

ಈ ಸಲ ಎಂಜಿನ್ ನರಳಲಿಲ್ಲ. ಜೂನ್‌ನಲ್ಲಿ ಉಸಿರುಗಟ್ಟಿದ ಕಾಲುವೆಯನ್ನು ಗಾಡಿ ಮೆಟ್ಟಿಲು ಹತ್ತಿದಂತೆ ಹತ್ತಿತು. ತುದಿಯಲ್ಲಿ ನಿಂತಿದ್ದ ಸಾದಿಕ್ ಒಂದು ಕ್ಷಣ ಕಂಡ, ಆಮೇಲೆ ಬಾನೆಟ್ಟಿನ ಹಿಂದೆ ಮರೆಯಾದ. ಬರೀ ಬಿಳಿ ಆಕಾಶ. ಅವನ ಕೂಗು ಮಾತ್ರ ಕೇಳಿಸಿತು.

“ಬಿಡು! ಬಿಡು, ಬಿಡು, ಬಿಡು!”

ಅಕ್ಕ ಒತ್ತಿದಳು.

ಗಾಡಿ ಹಾರಿತು ಎನ್ನಲಾರೆ. ನೆಲ ನಮ್ಮ ಕೆಳಗಿನಿಂದ ಇಳಿದುಹೋಯಿತು. ಮುಂದಿನ ಚಕ್ರಗಳು ತುದಿ ದಾಟಿ ಗಾಳಿಯಲ್ಲಿದ್ದವು. ಆ ಭಾರದ ಮೂತಿ ಸಮತಟ್ಟಿನ ಮೇಲೆ ಧಡ್ಡೆಂದು ಬಿತ್ತು. ಎದುರಿಗೆ ಹಸಿರು ನೀರು. ಅಕ್ಕ ಬ್ರೇಕಿನ ಮೇಲೆ ನಿಂತಂತೆ ಒತ್ತಿದಳು. ಒದ್ದೆ ಬಂಡೆಯ ಮೇಲೆ ಚಕ್ರ ತಿರುಗುವುದು ನಿಂತಿತು, ಗಾಡಿ ನಿಲ್ಲಲಿಲ್ಲ. ಸೋಪಿನ ಮೇಲೆ ಜಾರಿದ ಹಾಗೆ ಸದ್ದಿಲ್ಲದೆ ಹೋಯಿತು. ಆಮೇಲೆ ಏನೋ ಮುರಿದ ಸದ್ದು, ಸ್ಟೀರಿಂಗ್ ತನ್ನಷ್ಟಕ್ಕೆ ಗಿರ್ರನೆ ಸುತ್ತಿದ್ದು, ಅಕ್ಕ ಹಲ್ಲು ಕಚ್ಚಿ ನರಳಿದ್ದು. ಕ್ವಾರಿಯವರು ಹೊಂಡದ ಅಂಚಿನಲ್ಲಿ ಬಿಟ್ಟುಹೋಗಿದ್ದ ಒಂದು ಕಲ್ಲಿನ ದಿಮ್ಮಿಯ ಮೇಲೆ ಮುಂದಿನ ಎಡ ಚಕ್ರ ಏರಿ ಸಿಕ್ಕಿಕೊಂಡಿತ್ತು.

ನನ್ನ ಕಡೆಯ ಕಿಟಕಿಯಿಂದ ನೋಡಿದೆ. ಕೆಳಗೆ ನೆಲ ಇರಲಿಲ್ಲ. ಮಳೆಹನಿಗಳು ನೀರಿನ ಮೇಲೆ ಬೀಳುವುದು ಮೇಲಿಂದ ಕಾಣುತ್ತಿತ್ತು.

ಅಕ್ಕ ಎಡಗೈಯಲ್ಲಿ ಕೀ ತಿರುಗಿಸಿ ಎಂಜಿನ್ ಆರಿಸಿದಳು. ಅವಳ ದನಿ ಹಲ್ಲಿಗೆ ಸೂಜಿ ಚುಚ್ಚುವ ಮುಂಚೆ ರೋಗಿಯ ಜೊತೆ ಮಾತಾಡುವ ದನಿ.

“ಕಿರಣ, ನನ್ನ ಕಡೆ ಬಾಗು. ನಿಧಾನ. ಇಳೀಬೇಡ.”

ಬಾಗಿದೆ. ನನ್ನ ತಲೆ ಅವಳ ಭುಜಕ್ಕೆ ತಾಗಿತು. ಹೊರಗೆ ಸಾದಿಕ್ ಓಡಿ ಬಂದು, ಯಾರೂ ಬಾಗಿಲು ತೆಗೆಯಬೇಡಿ, ಮೊದಲು ಹಿಂದೆ ಹಗ್ಗ ಕಟ್ಟಬೇಕು ಎಂದು ಹೇಳುವುದು ಕೇಳಿಸಿತು. ಹಗ್ಗ ಬರುವವರೆಗೆ ನಾವಿಬ್ಬರೂ ಹಾಗೇ ಕೂತಿದ್ದೆವು. ಗಾಡಿ ಆಗಾಗ ‘ಟಿಕ್’ ಎನ್ನುತ್ತಿತ್ತು. ಅದು ಆರುತ್ತಿರುವ ಎಂಜಿನ್ನಿನ ಸದ್ದೆಂದು ಆಮೇಲೆ ತಿಳಿಯಿತು. ಅಲ್ಲಿ ಕೂತಾಗ ಮಾತ್ರ ಪ್ರತಿ ಟಿಕ್ಕಿಗೂ ದಿಮ್ಮಿ ಸರಿಯುತ್ತಿದೆ ಎಂದುಕೊಂಡೆ. ಅವತ್ತಿನ ಪುಟದಲ್ಲಿ ಗೀಟುಗಳಿಲ್ಲ. ತಾರೀಖಿದೆ, ‘ಸಣ್ಣ ಮಳೆ’ ಎಂದಿದೆ, ಅಷ್ಟೇ.

ಹಗ್ಗ ಬಿಗಿದ ಮೇಲೆ ಅವಳ ಬಾಗಿಲಿನಿಂದ ಒಬ್ಬೊಬ್ಬರಾಗಿ ಇಳಿದೆವು. ಅಕ್ಕನ ಬಲಗೈ ಹೆಬ್ಬೆರಳು ಬೇರೆಯದೇ ದಿಕ್ಕಿಗೆ ತಿರುಗಿತ್ತು. ಇಂಥ ಜಾಗದಲ್ಲಿ ಹೆಬ್ಬೆರಳನ್ನು ಸ್ಟೀರಿಂಗಿನ ಒಳಗೆ ಇಡಬಾರದು, ಹೊರಗೆ ಇಡಬೇಕು ಎಂದು ಹೊಸಬರಿಗೆಲ್ಲ ಕಲಿಸುತ್ತಿದ್ದವಳು ಅವಳೇ. ಗಾಬರಿಯಲ್ಲಿ ಬಿಗಿಯಾಗಿ ಹಿಡಿದುಬಿಟ್ಟಿದ್ದಳು. ಸಾದಿಕ್‌ನ ತುಟಿ ಬಿಳಿಚಿಕೊಂಡಿತ್ತು. ಅವನಿಗೆ ಸಿಟ್ಟೂ ಬಂದಿತ್ತು.

“ಬಿಡು ಬಿಡು ಅಂತ ಬಡ್ಕೊಂಡ್ನಲ್ಲೇ ಕಾವ್ಯಾ.”

“ಅದಕ್ಕೇ ಬಿಟ್ಟಿದ್ದು ಕಣೋ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸುತ್ತ ನಿಂತವರಿಗೂ ನಿಧಾನವಾಗಿ ಅರ್ಥವಾಯಿತು. ಅವನು ಹೇಳಿದ್ದು ಆಕ್ಸಿಲರೇಟರಿನಿಂದ ಕಾಲು ಬಿಡು ಎಂದು. ಅವಳು ಕೇಳಿಸಿಕೊಂಡದ್ದು ಗಾಡಿ ಬಿಡು ಎಂದು. ಜೂನ್‌ನಲ್ಲಿ ಅದೇ ಮಾತಿಗೆ ಅವನೇ ಆ ಎರಡನೆಯ ಅರ್ಥ ಇಟ್ಟಿದ್ದ. ಆಗ ತಪ್ಪು ಕೇಳಿಸಿಕೊಂಡಿದ್ದರೂ ಏನೂ ಆಗುತ್ತಿರಲಿಲ್ಲ; ಆ ಎಂಜಿನ್ ತುದಿಯವರೆಗೆ ಬರುತ್ತಲೇ ಇರಲಿಲ್ಲ. ಬಳಗದಲ್ಲಿ ಆ ಮಾತನ್ನು ಅವತ್ತಿನಿಂದ ನಿಲ್ಲಿಸಿದರು. ಈಗ ಕೈ ಸನ್ನೆ ಮಾಡುತ್ತಾರೆ, ಬಾಯಲ್ಲಿ ‘ಹೋಗು’, ‘ನಿಲ್ಲು’ ಎರಡೇ.

ಹೆಬ್ಬೆರಳಿಗೆ ತಂತಿ ಹಾಕಿದರು. ಮೊದಲಿನ ಹಾಗೆ ಬರಬಹುದು, ಬರದೇ ಇರಬಹುದು, ಕಟ್ಟು ಬಿಚ್ಚಿದ ಮೇಲೆ ನೋಡೋಣ ಎಂದು ಮೂಳೆ ಡಾಕ್ಟರು ಹೇಳಿದರು. ಹಲ್ಲಿನ ಡಾಕ್ಟರಿಗೆ ಬಲಗೈ ಹೆಬ್ಬೆರಳು ಹೋದರೆ ಇನ್ನೇನು ಉಳಿಯುತ್ತದೆ? ಅಕ್ಕ ಹಾಲ್‌ನಲ್ಲಿ ಕೂತು ಎಡಗೈಯಿಂದ ಆ ಕಟ್ಟನ್ನು ಸುಮ್ಮನೆ ಸವರುತ್ತಿದ್ದಳು. ಗೋಡೆಯ ತುದಿಯಲ್ಲಿ ಆದದ್ದಕ್ಕಿಂತ ಹೆಚ್ಚಿನ ಭಯ ನನಗೆ ಆ ಸವರುವುದನ್ನು ನೋಡಿ ಆಯಿತು.

ಅಪ್ಪನಿಗೆ ಎಲ್ಲ ಹೇಳಲೇಬೇಕಾಯಿತು. ಅವರು ಬೈಯಲಿಲ್ಲ. ಆ ಜಾಗ ತೋರಿಸು ನಡಿ ಅಂದರು. ಮೂವರೂ ಅಪ್ಪನ ಕಾರಿನಲ್ಲಿ ಹೋದೆವು. ಅಪ್ಪ ದಿಮ್ಮಿಯ ಪಕ್ಕ ಬಹಳ ಹೊತ್ತು ನಿಂತು ಹೊಂಡ ನೋಡಿದರು. ಹಿಂದೆ ಕಟ್ಟಡಗಳಿಗೆ ಇದೇ ಕ್ವಾರಿಯಿಂದ ಕಲ್ಲು ಹೊಡೆಸಿದ್ದರಂತೆ.

“ಇದ್ರೊಳಗೆ ಒಂದು ಟಿಪ್ಪರ್ ಐತೆ ಕಣಮ್ಮ. ಇನ್ನೂ ಎತ್ತಿಲ್ಲ.”

ಅದರಲ್ಲಿ ಯಾರಿದ್ದರು ಎಂದು ನಾವಿಬ್ಬರೂ ಕೇಳಲಿಲ್ಲ. ವಾಪಸು ಕಾರಿನ ಹತ್ತಿರ ಬಂದ ಮೇಲೆ ಅಪ್ಪ ಇನ್ನೊಂದೇ ಮಾತು ಹೇಳಿದರು.

“ಗಾಡಿ ಮಾರ್ಬೇಡ. ಇಂಗೆ ಕದ್ದು ಮಾತ್ರ ಮಾಡ್ಬೇಡ.”

ಮುರುಗ ದೊಡ್ಡ ಎಂಜಿನ್ ಇಳಿಸಿ ಹಳೆಯದನ್ನೇ ಕೂರಿಸಿದ. ಅವನಿಗೂ ಬೇಜಾರಾಗಿತ್ತು. ಅಕ್ಕನ ಕೈ ನೋಡಿ, ಬ್ರೇಕು ಬದಲಾಯಿಸಬೇಕಿತ್ತು ಮೇಡಂ, ನಾನೇ ಬೇಡ ಅಂದುಬಿಟ್ಟೆ ಎಂದ. ಜೀಪಿನ ಮೂತಿ ಮತ್ತೆ ನಾಲ್ಕು ಬೆರಳು ಮೇಲೆದ್ದಿತು. ದೀಪಾವಳಿ ಕಳೆದು ಅಕ್ಕ ಕ್ಲಿನಿಕ್ಕಿಗೆ ಮರಳಿದಳು. ಕೈ ಬಂತು. ಹಳೆಯ ಹಾಗೆ ಪೂರ್ತಿ ಅಲ್ಲ. ಚಳಿಯ ಬೆಳಿಗ್ಗೆ ಮೊದಲ ರೋಗಿಯ ಮುಂಚೆ ಬಿಸಿನೀರಿನಲ್ಲಿ ಅದ್ದಿಕೊಳ್ಳಬೇಕು.

ಇನ್ನು ಅಕ್ಕ ದೊಡ್ಡ ಎಂಜಿನ್ನಿನ ಮಾತೇ ಎತ್ತುವುದಿಲ್ಲ ಎಂದು ನಾನು ತಿಳಿದಿದ್ದೆ. ಒಂದು ದಿನ ನಾನೇ ಹಾಗಂದೆ. ಕೇಳಿದ್ದು ತಪ್ಪಲ್ಲ, ಯಾರ ಹತ್ತಿರ ಕೇಳಿದೆ ಎನ್ನುವುದು ತಪ್ಪು ಅಂದಳು. ಕಂಪನಿಯವರು ಕೊಟ್ಟಿದ್ದರೆ ಅದಕ್ಕೆ ತಕ್ಕ ಬ್ರೇಕು, ತಕ್ಕ ಸ್ಪ್ರಿಂಗು, ತೂಕದ ಲೆಕ್ಕ ಎಲ್ಲ ಮಾಡಿ ಕೊಡುತ್ತಿದ್ದರು. ಅವರು ಕೊಡದೇ ಇದ್ದದ್ದಕ್ಕೆ ನಮ್ಮಂಥವರು ಗ್ಯಾರೇಜಿಗೆ ಹೋಗುತ್ತೇವೆ ಅಂದಳು. ನಾನು ಅದನ್ನು ದಿನಚರಿಯಲ್ಲಿ ಬರೆದುಕೊಂಡೆ. ಮರುದಿನ ಓದಿದಾಗಲೂ ಸರಿಯೆನ್ನಿಸಿತು. ಆ ವಾರ ಅದನ್ನು ಎಷ್ಟು ಸಲ ಓದಿದೆನೋ, ಅಷ್ಟೂ ಸಲ ಸರಿಯೆನ್ನಿಸಿತು.

ಬೇಸಿಗೆ ಶುರುವಾಗುವ ಹೊತ್ತಿಗೆ ಶೋರೂಮಿನವರು ಗ್ರಾಹಕರ ಸಭೆ ಕರೆದರು. ಕಂಪನಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದರು, ಕನ್ನಡದವರೇ. ಮುಂದಿನ ಗಾಡಿಯಲ್ಲಿ ಏನೇನು ಇರಬೇಕು ಹೇಳಿ ಎಂದು ಕೇಳಿದರು. ದೊಡ್ಡ ಸ್ಕ್ರೀನ್ ಎಂದರು ಒಬ್ಬರು. ತಣ್ಣಗಿರುವ ಸೀಟು ಎಂದರು ಇನ್ನೊಬ್ಬರು. ಅಕ್ಕ ನನ್ನ ಪಕ್ಕದಲ್ಲಿ, ಗಾಯದ ಗುರುತಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸಭೆಯಲ್ಲಿ ಎದ್ದು ಮಾತಾಡುವುದು ನನಗೆ ಆಗದ ಕೆಲಸ. ಆದರೂ ಎದ್ದು ನಿಂತೆ. ಇದೇ ಜೀಪಿಗೆ ಇನ್ನೂ ಶಕ್ತಿಯ ಎಂಜಿನ್ ಬೇಕು ಸಾರ್, ಕೊಳ್ಳುವವರು ಆರಿಸಿಕೊಳ್ಳುವ ಹಾಗೆ, ಫ್ಯಾಕ್ಟರಿಯಲ್ಲೇ ಹಾಕಿ ಕೊಡಿ ಎಂದೆ. ಅವರಿಗೆ ಖುಷಿಯಾಯಿತು. ನೀವು ಭಾರಿ ಆಫ್‌ರೋಡ್ ಓಡಿಸ್ತೀರಾ ಹಾಗಿದ್ರೆ ಎಂದು ಕೇಳಿದರು.

“ಇಲ್ಲ ಸಾರ್. ನಾನು ಪಕ್ಕದಲ್ಲಿ ಕೂರೋನು.”

ಇಡೀ ಹಾಲ್ ನಕ್ಕಿತು. ಅಕ್ಕ ನಗಲಿಲ್ಲ. ನಗು ನಿಲ್ಲುವವರೆಗೆ ನಾನು ಕೂರಲಿಲ್ಲ.

“ಹತ್ತೋ ಶಕ್ತಿ ಕೊಟ್ರೆ ನಿಲ್ಸೋ ಶಕ್ತಿನೂ ಜೊತೇಲೇ ಕೊಡ್ತೀರಲ್ಲ ಸಾರ್, ಅದಕ್ಕೆ ಕೇಳ್ತಿದೀನಿ. ಬೇರೆ ಕಡೆ ಒಂದೇ ಕೊಡ್ತಾರೆ.”

ಎಂಜಿನಿಯರ್ ಅಕ್ಕನ ಕೈ ನೋಡಿದರು, ನನ್ನನ್ನು ನೋಡಿದರು, ತಲೆಯಾಡಿಸಿದರು. ಮುಂದಿನವರು ಕಲರ್ ಬಗ್ಗೆ ಕೇಳಿದರು.

ಅದಾಗಿ ವರ್ಷದ ಮೇಲಾಯಿತು. ಆ ಜೀಪಿಗೆ ಈಗಲೂ ಎಂಜಿನ್ ಒಂದೇ. ಈ ಸಲದ ಮಳೆ ಶುರುವಾದ ವಾರ ಅಕ್ಕ ಕ್ಲಿನಿಕ್ಕಿನಿಂದ ಫೋನ್ ಮಾಡಿದಳು. ಭಾನುವಾರ ಬಳಗದವರು ಕ್ವಾರಿಗೆ ಹೋಗುತ್ತಿದ್ದಾರಂತೆ, ಅಪ್ಪನಿಗೆ ಹೇಳಿಯಾಗಿದೆ, ಬರುತ್ತೀಯಾ ಎಂದು ಕೇಳಿದಳು. ಬರುತ್ತೇನೆ ಎಂದೆ.

“ಈ ಗಾಡಿ ಗೋಡೆ ಹತ್ತಲ್ಲ ಅಂತ ಗೊತ್ತಲ್ಲ ನಿಂಗೆ?”

“ಗೊತ್ತು. ಅದಕ್ಕೇ ಬರ್ತಿರೋದು.”